ಬಲದ ಮರ್ಮವನ್ನು ತಿಳಿಸಿದ ಗೆಲಿಲಿಯೋ

ಎತ್ತಿನ ಗಾಡಿ ಸಾಗಬೇಕಾದರೆ ಎತ್ತುಗಳು ಎಳೆಯುತ್ತಲೇ ಇರಬೇಕು. ಎಳೆಯುವುದನ್ನು ನಿಲ್ಲಿಸಿದರೆ ಗಾಡಿಯೂ ನಿಲ್ಲುತ್ತದೆ. ಇದನ್ನು ನೋಡಿದ ಯಾರಿಗಾದರೂ ಚಲನೆಗೆ ಸದಾ ಬಲ ಬೇಕೆಂದೇ ತೋರುತ್ತದೆ. ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲ್ ಕಲಿಸಿದ್ದೂ ಅದನ್ನೇ. ಆದರೆ ಎಸೆದ ಕಲ್ಲು ಕೈಬಿಟ್ಟ ಮೇಲೂ ಮುಂದಕ್ಕೆ ಹೋಗುವುದೇಕೆ? ಎಸೆಯುವವನು ಕಲ್ಲಿಗೆ ಚಲಿಸುವ ಒಂದು ಒಲವನ್ನು ಕೊಡುತ್ತಾನೆ, ಗಾಳಿಯಂತಹ ಹೊರಗಿನ ಅಡ್ಡಿಯಿಂದ ಅದು ಕುಂದುತ್ತದೆ ಎಂದು ಇಬ್ನ್ ಸೀನಾ (980–1037) ವಿವರಿಸಿದ್ದರು. ಮುಂದೆ ಚಲನೆಯನ್ನು ಅಳತೆಗೂ ಪ್ರಯೋಗಕ್ಕೂ ಒಳಪಡಿಸಿ ಹೊಸ ದಾರಿ ತೋರಿಸಿದವರು ಗೆಲಿಲಿಯೋ ಗೆಲಿಲಿ.

ಗೆಲಿಲಿಯೋ 1564ರ ಫೆಬ್ರವರಿ 15ರಂದು ಇಟಲಿಯ ಪೀಸಾ ನಗರದಲ್ಲಿ ಜನಿಸಿದರು. ತಂದೆ ವಿನ್ಸೆಂಜೊ ಸಂಗೀತಗಾರರು. ಮಗ ವೈದ್ಯನಾಗಬೇಕೆಂಬುದು ಅವರ ಆಸೆ. 1581ರಲ್ಲಿ ಪೀಸಾ ವಿಶ್ವವಿದ್ಯಾಲಯ ಸೇರಿದ ಗೆಲಿಲಿಯೋ ಅವರನ್ನು ಗಣಿತ ಸೆಳೆಯಿತು. 1585ರಲ್ಲಿ ಪದವಿ ಪಡೆಯದೆಯೇ ಹೊರಬಂದರು. ಮರುವರ್ಷ ಬರೆದ ಕಿರುಪುಸ್ತಕದ ವಿಷಯ, ಲೋಹಗಳನ್ನು ನೀರಿನಲ್ಲಿ ತೂಗುವ ತಕ್ಕಡಿ. ಪದವಿಯಿಲ್ಲದ ಈ ಯುವಕ 1589ರಲ್ಲಿ ಅದೇ ವಿಶ್ವವಿದ್ಯಾಲಯದಲ್ಲಿ ಗಣಿತದ ಅಧ್ಯಾಪಕರಾದರು. 1591ರಲ್ಲಿ ತಂದೆ ತೀರಿಕೊಂಡಾಗ ಸಂಸಾರದ ಹೊರೆ ಅವರ ಹೆಗಲಿಗೆ ಬಿತ್ತು. 1592ರಿಂದ 1610ರವರೆಗೆ ಪಾದುವಾದಲ್ಲಿ ಪಾಠ ಹೇಳಿದರು.

ಚಲನೆಯ ಮುಖ್ಯ ಪ್ರಯೋಗಗಳು ನಡೆದದ್ದು ಪಾದುವಾದಲ್ಲಿ. ನೇರವಾಗಿ ಕೆಳಗೆ ಬೀಳುವ ವಸ್ತುವಿನ ವೇಗವನ್ನು ಅಳೆಯಲು ಆಗ ತಕ್ಕ ಗಡಿಯಾರವಿರಲಿಲ್ಲ. ಅದಕ್ಕೆ ಗೆಲಿಲಿಯೋ ಒಂದು ಉಪಾಯ ಹೂಡಿದರು. ಉದ್ದನೆಯ ಮರದ ತೊಲೆಯಲ್ಲಿ ನಯವಾದ ಕಾಲುವೆ ಕೊರೆದು, ಅದನ್ನು ಸ್ವಲ್ಪ ಓರೆಯಾಗಿಟ್ಟು ಕಂಚಿನ ಗುಂಡನ್ನು ಉರುಳಿಸಿದರು. ಪಾತ್ರೆಯಿಂದ ಸಣ್ಣ ಧಾರೆಯಾಗಿ ಸುರಿದ ನೀರನ್ನು ತೂಗಿ ಕಾಲವನ್ನು ಲೆಕ್ಕ ಹಾಕಿದರು. ಮತ್ತೆ ಮತ್ತೆ ಪರೀಕ್ಷಿಸಿದಾಗ ಒಂದು ಕ್ರಮ ಹೊರಬಿತ್ತು. ಮೊದಲ ಕ್ಷಣದಲ್ಲಿ ಗುಂಡು 1 ಭಾಗ ದೂರ ಸಾಗಿದರೆ, ಅಷ್ಟೇ ಅವಧಿಯ ಎರಡನೆಯ ಕ್ಷಣದಲ್ಲಿ 3, ಮೂರನೆಯದರಲ್ಲಿ 5, ನಾಲ್ಕನೆಯದರಲ್ಲಿ 7 ಭಾಗ. ಅಂದರೆ ವೇಗ ಒಂದೇ ಸಮನೆ ಹೆಚ್ಚುತ್ತಿತ್ತು.

ಇಳಿಜಾರಿನಲ್ಲಿ ವೇಗ ಹೆಚ್ಚುತ್ತದೆ, ಏರಿನಲ್ಲಿ ಕಡಿಮೆಯಾಗುತ್ತದೆ. ಹಾಗಾದರೆ ಏರೂ ಇಲ್ಲದ, ಇಳಿಜಾರೂ ಇಲ್ಲದ ಸಮತಲದಲ್ಲಿ? ಅಡ್ಡಿ ಇಲ್ಲದಿದ್ದರೆ ವೇಗ ಹೆಚ್ಚಲೂ ಬಾರದು, ಕುಗ್ಗಲೂ ಬಾರದು, ಗುಂಡು ಅದೇ ವೇಗದಲ್ಲಿ ಸಾಗುತ್ತಲೇ ಇರಬೇಕು ಎಂದು ಗೆಲಿಲಿಯೋ ತರ್ಕಿಸಿದರು.

ಇಂದು ನಿಮ್ಮ ಪಠ್ಯಪುಸ್ತಕ ಹೇಳುವ ಸಂತುಲಿತ ಮತ್ತು ಅಸಂತುಲಿತ ಬಲಗಳ ಬೇರು ಇಲ್ಲಿದೆ. ಮೇಜಿನ ಮೇಲಿನ ಪುಸ್ತಕವನ್ನು ಭೂಮಿ ಕೆಳಕ್ಕೆ ಎಳೆಯುತ್ತದೆ, ಮೇಜು ಅಷ್ಟೇ ಬಲದಿಂದ ಮೇಲಕ್ಕೆ ಒತ್ತುತ್ತದೆ. ಬಲಗಳು ಸಮನಾದುದರಿಂದ ಪುಸ್ತಕ ಕದಲುವುದಿಲ್ಲ. ಹಲಗೆಯನ್ನು ಓರೆ ಮಾಡಿದರೆ ಗುರುತ್ವ ಬಲದ ಒಂದು ಪಾಲು ಸಂತುಲನಗೊಳ್ಳದೆ ಉಳಿಯುತ್ತದೆ. ಗುಂಡಿನ ವೇಗವನ್ನು ಹೆಚ್ಚಿಸುವುದು ಅದೇ. ಸಮತಟ್ಟು ರಸ್ತೆಯಲ್ಲಿ ಒಂದೇ ವೇಗದಲ್ಲಿ ಸಾಗುವ ಗಾಡಿಯ ವಿಷಯದಲ್ಲಿ ಎತ್ತಿನ ಎಳೆತವೂ ಘರ್ಷಣೆಯೂ ಸಮಸಮ. ಎಳೆತ ನಿಂತಾಗ ಘರ್ಷಣೆಯೊಂದೇ ಉಳಿಯುವುದರಿಂದ ಗಾಡಿ ನಿಲ್ಲುತ್ತದೆ. ನೆನಪಿಡಿ, ಬಲಗಳು ಸಂತುಲಿತವಾಗಿವೆ ಎಂದಮಾತ್ರಕ್ಕೆ ವಸ್ತು ನಿಂತಿರಲೇಬೇಕೆಂದಿಲ್ಲ. ಅದರ ವೇಗವೂ ದಿಕ್ಕೂ ಬದಲಾಗುವುದಿಲ್ಲ ಎಂದಷ್ಟೇ ಅರ್ಥ. ಪರೀಕ್ಷೆಯಲ್ಲಿ ಬಹಳ ವಿದ್ಯಾರ್ಥಿಗಳು ಎಡವುವುದು ಇಲ್ಲಿಯೇ.

1609ರಿಂದ ಗೆಲಿಲಿಯೋ ದೂರದರ್ಶಕವನ್ನು ಆಕಾಶದತ್ತ ತಿರುಗಿಸಿ, ಗುರುಗ್ರಹದ ನಾಲ್ಕು ಉಪಗ್ರಹಗಳನ್ನು ಕಂಡರು. ಭೂಮಿ ಸೂರ್ಯನನ್ನು ಸುತ್ತುತ್ತದೆಂಬ ವಾದವನ್ನು 1632ರ ಗ್ರಂಥದಲ್ಲಿ ಸಮರ್ಥಿಸಿದ್ದಕ್ಕೆ 1633ರಲ್ಲಿ ರೋಮ್‌ನಲ್ಲಿ ಅವರ ವಿಚಾರಣೆ ನಡೆಯಿತು. ಸುಮಾರು 70ರ ವಯಸ್ಸಿನಲ್ಲಿ ತಮ್ಮ ಮಾತನ್ನು ಹಿಂತೆಗೆದುಕೊಳ್ಳಬೇಕಾಯಿತು. ಕೊನೆಯವರೆಗೂ ಗೃಹಬಂಧನವೇ ಗತಿಯಾಯಿತು. 1634ರಲ್ಲಿ ಅಕ್ಕರೆಯ ಹಿರಿಯ ಮಗಳು ತೀರಿಕೊಂಡರು. 1638ರ ಹೊತ್ತಿಗೆ ಕಣ್ಣುಗಳೂ ಹೋದವು.

ಇಷ್ಟಾದರೂ ಅವರು ಕೈಚೆಲ್ಲಿ ಕೂರಲಿಲ್ಲ. ಪಾದುವಾದ ಹಳೆಯ ಪ್ರಯೋಗಗಳನ್ನು ಮತ್ತೆ ಕೈಗೆತ್ತಿಕೊಂಡು, ಚಲನೆಯ ಶಾಸ್ತ್ರವನ್ನು ಬರೆದು ಮುಗಿಸಿದರು. ಇಟಲಿಯಲ್ಲಿ ಅಚ್ಚು ಹಾಕಿಸುವಂತಿರಲಿಲ್ಲ. ಆದುದರಿಂದ ‘ಎರಡು ಹೊಸ ವಿಜ್ಞಾನಗಳು’ ಎಂಬ ಆ ಗ್ರಂಥ 1638ರಲ್ಲಿ ಹಾಲೆಂಡಿನ ಲೈಡನ್ ನಗರದಲ್ಲಿ ಹೊರಬಂತು. 1642ರ ಜನವರಿ 8ರಂದು ಗೆಲಿಲಿಯೋ ನಿಧನರಾದರು. 1687ರಲ್ಲಿ ಐಸಾಕ್ ನ್ಯೂಟನ್ ಚಲನೆಯ ಮೂರು ನಿಯಮಗಳನ್ನು ಪ್ರಕಟಿಸಿದಾಗ, ಬಲವು ಚಲನೆಯನ್ನು ಬದಲಾಯಿಸುತ್ತದೆಯೇ ಹೊರತು ಚಲನೆಯನ್ನು ಉಳಿಸಲು ಅದು ಬೇಕಿಲ್ಲ ಎಂಬುದು ಸ್ಪಷ್ಟವಾಯಿತು. ವಿಚಾರಣೆಯಲ್ಲಿ ತಪ್ಪಾಯಿತೆಂದು ಕ್ಯಾಥೊಲಿಕ್ ಚರ್ಚಿನ ಪೋಪ್ ಎರಡನೇ ಜಾನ್ ಪಾಲ್ 1992ರಲ್ಲಿ ಒಪ್ಪಿಕೊಂಡರು.

ವಿದ್ಯಾರ್ಥಿ ಮಿತ್ರರೇ, ಗೆಲಿಲಿಯೋ ಅವರ ಬಳಿ ಇದ್ದದ್ದು ಒಂದು ತೊಲೆ, ಒಂದು ಗುಂಡು, ಒಂದು ಪಾತ್ರೆ ನೀರು. ನಿಮ್ಮ ಮನೆಯಲ್ಲಿ ಕೇರಂ ಬೋರ್ಡ್ ಇದ್ದರೆ ಪುಡಿ ಹಾಕದೆ ಒಮ್ಮೆ, ಪುಡಿ ಹಾಕಿ ಒಮ್ಮೆ ಸ್ಟ್ರೈಕರ್ ಹೊಡೆದು ನೋಡಿ. ಘರ್ಷಣೆ ಕಡಿಮೆಯಾದಷ್ಟೂ ಅದು ದೂರ ಹೋಗುತ್ತದೆ. ಘರ್ಷಣೆ ಪೂರ್ತಿ ಇಲ್ಲವಾದರೆ ಏನಾದೀತು ಎಂದು ಯೋಚಿಸಿ. ನಿಯಮವನ್ನು ಬಾಯಿಪಾಠ ಮಾಡುವ ಮೊದಲು ಈ ಪ್ರಶ್ನೆಯನ್ನು ಕೇಳಿಕೊಂಡರೆ, ಪಾಠ ತಾನಾಗಿಯೇ ಅರ್ಥವಾಗುತ್ತದೆ.