ಕನ್ನಡಕ್ಕೆ ಬಾಗಿಲು ತೆರೆದ ಇಂಗ್ಲಿಷ್ ಮೇಷ್ಟ್ರು

ನಮ್ಮ ಕೈಲಾಂಚದ ಕಡೆಯ ಹುಡುಗರು ಓದಿಗೆಂದು ಹೊರಟರೆ ಮೊದಲು ಸೇರುವ ಪಟ್ಟಣ ರಾಮನಗರ. ಅಲ್ಲಿಂದ ರೈಲುದಾರಿ ಒಂದು ದಿಕ್ಕಿನಲ್ಲಿ ಬೆಂಗಳೂರಿಗೂ ಇನ್ನೊಂದು ದಿಕ್ಕಿನಲ್ಲಿ ಚನ್ನಪಟ್ಟಣ, ಶ್ರೀರಂಗಪಟ್ಟಣಗಳನ್ನು ದಾಟಿ ಮೈಸೂರಿಗೂ ಹೋಗುತ್ತದೆ. ಕನ್ನಡ ಎಂ.ಎ. ತರಗತಿಗೆ ಸೇರಲು ನಾನು ಮೈಸೂರಿಗೆ ಹೊರಟ ದಿನ ಮನೆಯ ಹಿರಿಯರೊಬ್ಬರು, ಮನೆಮಾತನ್ನು ಕಾಲೇಜಿಗೆ ಹೋಗಿ ಕಲಿಯಬೇಕೇ, ಅದು ಅನ್ನ ಕೊಟ್ಟೀತೇ ಎಂದು ಕೇಳಿದ್ದರು. ಆಗ ನನ್ನಲ್ಲಿ ಉತ್ತರವಿರಲಿಲ್ಲ. ಮುಂದೆ ಇಂಗ್ಲಿಷ್ ಪ್ರಾಧ್ಯಾಪಕರೊಬ್ಬರ ಜೀವನವನ್ನು ಅರಿತಾಗ ಆ ಪ್ರಶ್ನೆ ಎಷ್ಟು ಹಳೆಯದೆಂಬುದು ತಿಳಿಯಿತು.

ಆ ಪ್ರಾಧ್ಯಾಪಕರು ಬೆಳ್ಳೂರು ಮೈಲಾರಯ್ಯ ಶ್ರೀಕಂಠಯ್ಯನವರು, ನಾಡಿಗೆಲ್ಲ ಬಿ.ಎಂ.ಶ್ರೀ. ಹುಟ್ಟಿದ್ದು 1884ರ ಜನವರಿ 3ರಂದು, ತುಮಕೂರು ಜಿಲ್ಲೆಯ ಸಂಪಿಗೆಯಲ್ಲಿ. ತಂದೆ ಶ್ರೀರಂಗಪಟ್ಟಣದಲ್ಲಿ ವಕೀಲರಾಗಿದ್ದುದರಿಂದ ಮೊದಲ ವಿದ್ಯಾಭ್ಯಾಸ ಕಾವೇರಿಯ ಮಗ್ಗುಲಲ್ಲಿ ನಡೆಯಿತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿ, ಮದರಾಸಿನಲ್ಲಿ ಬಿ.ಎಲ್. ಮತ್ತು ಎಂ.ಎ. ಪದವಿಗಳನ್ನು ಪಡೆದರು. ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದದ್ದು 1916ರಲ್ಲಿ. ಅಲ್ಲಿಯವರೆಗೆ ಮೈಸೂರು ಸೀಮೆಯ ಕಾಲೇಜುಗಳು ಮದರಾಸು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದವು. ನ್ಯಾಯಶಾಸ್ತ್ರದ ಪದವಿಯಿದ್ದರೂ ಶ್ರೀಯವರು ನ್ಯಾಯಾಲಯದ ಹಾದಿ ಹಿಡಿಯದೆ 1909ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾದರು.

ಇಂಗ್ಲಿಷ್ ಬಲ್ಲವನಿಗೆ ಕನ್ನಡದ ಗೊಡವೆ ಏಕೆ ಎಂಬ ಭಾವನೆ ವಿದ್ಯಾವಂತರಲ್ಲಿ ಬೇರೂರಿದ್ದ ಕಾಲ ಅದು. ಹುದ್ದೆ, ಮಾನ, ಸಂಬಳ ಎಲ್ಲವೂ ಇಂಗ್ಲಿಷಿನ ಬೆನ್ನಿಗಿದ್ದುವು. ಅದೇ ಇಂಗ್ಲಿಷಿನಿಂದ ಅನ್ನ ಉಣ್ಣುತ್ತಿದ್ದ ಶ್ರೀಯವರು 1911ರಲ್ಲಿ, ತಮ್ಮ ಇಪ್ಪತ್ತೇಳನೆಯ ವಯಸ್ಸಿನಲ್ಲಿ, ಧಾರವಾಡದ ವಿದ್ಯಾವರ್ಧಕ ಸಂಘದ ವೇದಿಕೆಯೇರಿ ಕನ್ನಡ ತಲೆಯೆತ್ತಬೇಕಾದ ಬಗೆಯನ್ನು ಕುರಿತು ಮಾತನಾಡಿದರು. ಇಂಗ್ಲಿಷನ್ನು ದೂರವಿಡಬೇಕೆಂಬುದು ಅವರ ಮತವಾಗಿರಲಿಲ್ಲ. ಅಲ್ಲಿಯ ಸತ್ವವನ್ನು ಹೀರಿ ಕನ್ನಡ ಬೆಳೆಯಬೇಕೆಂಬುದು ಅವರ ಹಂಬಲ. ಆ ಹಂಬಲದ ಫಲ ‘ಇಂಗ್ಲಿಷ್ ಗೀತಗಳು’. 1926ರಲ್ಲಿ ಪ್ರಕಟವಾದ ಈ ಸಂಕಲನದಲ್ಲಿ ದ್ವಿತೀಯಾಕ್ಷರ ಪ್ರಾಸದ ಕಟ್ಟು ಸಡಿಲಿ, ಹೊಸ ಛಂದಸ್ಸಿನ ನಡಿಗೆ ಕನ್ನಡಕ್ಕೆ ಒದಗಿತು.

ಆದರೆ ನನ್ನ ಮನಸ್ಸು ಹೆಚ್ಚು ಹೊತ್ತು ನಿಲ್ಲುವುದು ಅವರ ಕವಿತೆಯ ಬಳಿಯಲ್ಲ. 1926ರಿಂದ 1930ರವರೆಗೆ ಅವರು ಮೈಸೂರು ವಿಶ್ವವಿದ್ಯಾನಿಲಯದ ರಿಜಿಸ್ಟ್ರಾರರಾಗಿದ್ದರು. ಕಡತ, ಸಭೆ, ಪರೀಕ್ಷೆಗಳ ಆ ಕುರ್ಚಿ ಕವಿಗೆ ಒಗ್ಗುವಂಥದಲ್ಲ. ಅವರು ಅಲ್ಲಿದ್ದಾಗಲೇ, 1927ರಲ್ಲಿ, ಕನ್ನಡ ಎಂ.ಎ. ತರಗತಿ ಆರಂಭವಾಯಿತು. ತಳುಕಿನ ವೆಂಕಣ್ಣಯ್ಯನವರಂಥವರು ಅಲ್ಲಿ ಪಾಠ ಹೇಳಿದರು. ಮಲೆನಾಡಿನಿಂದ ಬಂದಿದ್ದ ಪುಟ್ಟಪ್ಪನವರು ಅದೇ ತರಗತಿಯಲ್ಲಿ ಕಲಿತು 1929ರಲ್ಲಿ ಹೊರಬಂದರು, ಮುಂದೆ ಅದೇ ವಿಶ್ವವಿದ್ಯಾನಿಲಯದ ಕುಲಪತಿಗಳಾದರು. ಪುಟ್ಟಪ್ಪನವರ ಶಿಷ್ಯರಾಗಿ ಬೆಳೆದವರು ನಮ್ಮ ನೆರೆಯ ಚನ್ನಪಟ್ಟಣ ತಾಲ್ಲೂಕಿನ ಚಕ್ಕೆರೆಯ ದೇ. ಜವರೇಗೌಡರು, ಆ ರೈತನ ಮಗನೂ 1969ರಲ್ಲಿ ಕುಲಪತಿ ಪೀಠವನ್ನೇರಿದರು. ಬಾಗಿಲು ತೆರೆದವರು ಒಬ್ಬರು. ಒಳಹೊಕ್ಕವರು ಎಷ್ಟೋ ಮಂದಿ.

ಇದಕ್ಕೆ ಶ್ರೀಯವರು ತೆತ್ತ ಬೆಲೆಯನ್ನು ಮರೆಯಬಾರದು. ಅಷ್ಟು ಪಾಂಡಿತ್ಯಕ್ಕೆ ಅವರು ಬರೆದ ಪುಸ್ತಕಗಳು ಕಡಿಮೆ. ರನ್ನನಿಂದ ‘ಗದಾಯುದ್ಧ ನಾಟಕ’ವನ್ನು ರೂಪಿಸಿದರು, ಗ್ರೀಕ್ ನಾಟಕಗಳ ಜಾಡಿನಲ್ಲಿ ‘ಅಶ್ವತ್ಥಾಮನ್’, ‘ಪಾರಸಿಕರು’ ರಚಿಸಿದರು. ಇವುಗಳ ಹಳಗನ್ನಡದ ಬಿಗಿ ಸಾಮಾನ್ಯ ಪ್ರೇಕ್ಷಕನಿಗೆ ಸುಲಭವಲ್ಲ. ಆಗಬೇಕಾಗಿದ್ದ ಬರವಣಿಗೆಯ ವೇಳೆಯನ್ನು ಸಂಸ್ಥೆಗಳು ನುಂಗಿದುವು ಎಂದು ನನಗೆ ಒಮ್ಮೊಮ್ಮೆ ವ್ಯಥೆಯಾಗುತ್ತದೆ. ಅವರಿಗೆ ಆ ವ್ಯಥೆ ಇದ್ದಂತೆ ಕಾಣದು. 1938ರಿಂದ ಐದು ವರ್ಷ ಸಾಹಿತ್ಯ ಪರಿಷತ್ತಿನ ಉಪಾಧ್ಯಕ್ಷರಾಗಿ ಮತ್ತೆ ಅದೇ ನೊಗಕ್ಕೆ ಹೆಗಲು ಕೊಟ್ಟರು. ಪರಿಷತ್ತಿನ ‘ಕನ್ನಡ ನುಡಿ’ ಪತ್ರಿಕೆ, ಕನ್ನಡ ಪರೀಕ್ಷೆಗಳು, ಅಚ್ಚುಕೂಟ ಇವೆಲ್ಲ ಆ ದುಡಿಮೆಯ ಗುರುತುಗಳು. ನಿವೃತ್ತಿಯ ಬಳಿಕವೂ ವಿಶ್ರಾಂತಿ ಬಯಸದೆ 1944ರಲ್ಲಿ ಧಾರವಾಡದ ಹೊಸ ಕಾಲೇಜೊಂದರ ಪ್ರಿನ್ಸಿಪಾಲರಾದರು. ತರುಣರಾಗಿ ಕನ್ನಡಕ್ಕಾಗಿ ಮಾತನಾಡಿದ ಊರಿನಲ್ಲಿಯೇ, 1946ರ ಜನವರಿ 5ರಂದು, ಅರವತ್ತೆರಡು ತುಂಬಿದ ಎರಡೇ ದಿನಕ್ಕೆ, ಅಧಿಕಾರದಲ್ಲಿದ್ದಾಗಲೇ ಕಣ್ಮುಚ್ಚಿದರು.

ಕನ್ನಡದ ಕಣ್ವ ಎಂದು ಅವರನ್ನು ಕರೆಯುವುದುಂಟು. ಕಣ್ವ ಹೆತ್ತ ತಂದೆಯಲ್ಲ, ಸಾಕಿದ ತಂದೆ. ಬೆಳೆಸಿ ಬೀಳ್ಕೊಡುವುದು ಸಾಕಿದವನ ಭಾಗ್ಯ. ಅವನ ದುಃಖವೂ ಅದೇ.

ಈಗ ನಾನೂ ಮೇಷ್ಟ್ರಾಗಿ ಹಳೆಯವನಾದೆ. ಕನ್ನಡ ಓದಿದರೆ ಏನು ಸಿಗುತ್ತದೆ ಎಂದು ನಮ್ಮ ಹಳ್ಳಿಯ ಹುಡುಗಿಯೊಬ್ಬಳು ಕೇಳಿದಾಗ ಅನ್ನದ ಲೆಕ್ಕವನ್ನು ಮರೆಮಾಚದೆ ಹೇಳುತ್ತೇನೆ. ಆಮೇಲೆ ಶ್ರೀಯವರ ಕಥೆಯನ್ನು ಹೇಳುತ್ತೇನೆ. ಯಾವ ಹಾದಿ ಹಿಡಿಯಬೇಕೆಂಬುದನ್ನು ಅವಳಿಗೇ ಬಿಡುತ್ತೇನೆ.