ಅಡಿಯ ಸರಪಳಿಯಿಂದ ಭೂಮಿಯನ್ನು ಅಳೆದ ಲ್ಯಾಂಬ್ಟನ್

ಕಳೆದ ವರ್ಷ ಹತ್ತನೆಯ ಇಯತ್ತೆಯ ಹುಡುಗನೊಬ್ಬ ಎರಡು ಕಾಗದಗಳನ್ನು ಹಿಡಿದುಕೊಂಡು ನನ್ನ ಬಳಿ ಬಂದನು. ಒಂದು ಉದಗೀರ ತಾಲ್ಲೂಕಿನಲ್ಲಿರುವ ಅವರ ಹೊಲದ ಸಾತ್‌ಬಾರಾ ಉತಾರೆ. ಇನ್ನೊಂದು ಭಾಲ್ಕಿ ತಾಲ್ಲೂಕಿನಲ್ಲಿ ಅವನ ಸೋದರಮಾವನಿಗಿರುವ ಹೊಲದ ಪಹಣಿ. ಎರಡು ಹೊಲಗಳನ್ನೂ ಅದಲು ಬದಲು ಮಾಡಿಕೊಳ್ಳುವ ಮಾತು ಮನೆಯಲ್ಲಿ ನಡೆದಿತ್ತು. ತಂದೆಗೆ ಮರಾಠಿ ಮಾತ್ರ ಓದಲು ಬರುತ್ತದೆ, ಪಹಣಿ ಕನ್ನಡದಲ್ಲಿದೆ; ಆದ್ದರಿಂದ ಕನ್ನಡ ಗುರುಗಳ ಹತ್ತಿರ ಓದಿಸಿಕೊಂಡು ಬಾ ಎಂದು ಕಳಿಸಿದ್ದರು. ನಾನು ಓದಿದೆ. ಹೆಸರು, ಸರ್ವೆ ನಂಬರು, ನೀರಾವರಿ ಎಲ್ಲವನ್ನೂ ಹೇಳಿದೆ. ಕ್ಷೇತ್ರ ಎರಡರಲ್ಲೂ 2.20 ಎಂದೇ ಇತ್ತು. ಸರಿಸಮವಾಗಿದೆಯಪ್ಪಾ ಎಂದು ಹೇಳಿ ಕಳಿಸಿಬಿಟ್ಟೆ.

ಮಧ್ಯಾಹ್ನದ ಬಿಡುವಿನಲ್ಲಿ ಈ ಸಂಗತಿಯನ್ನು ಗಣಿತದ ಗುರುಗಳಿಗೆ ಹೇಳಿದಾಗ ಅವರು ಊಟದ ಡಬ್ಬಿಯನ್ನು ಅಲ್ಲಿಯೇ ಮುಚ್ಚಿ, ಆ ಹುಡುಗನನ್ನು ಮೊದಲು ಕರೆಸಿರಿ ಎಂದರು. ಸಾತ್‌ಬಾರಾದ 2.20 ಎಂದರೆ ಎರಡು ಹೆಕ್ಟೇರು ಇಪ್ಪತ್ತು ಆರ್. ಪಹಣಿಯ 2.20 ಎಂದರೆ ಎರಡು ಎಕರೆ ಇಪ್ಪತ್ತು ಗುಂಟೆ. ನಲವತ್ತು ಗುಂಟೆಗೆ ಒಂದು ಎಕರೆಯಾದ್ದರಿಂದ ಪಹಣಿಯ ಹೊಲ ಎರಡೂವರೆ ಎಕರೆಯಷ್ಟೇ ಆಯಿತು. ಸಾತ್‌ಬಾರಾದ ಹೊಲವೋ ಐದು ಎಕರೆ ಹದಿನೇಳು ಗುಂಟೆಯ ಮೇಲೆ ಬರುತ್ತದೆ. ಅಂಕಿ ಒಂದೇ, ಹೊಲ ಇಮ್ಮಡಿಗಿಂತ ಹೆಚ್ಚು! ಅಂದು ಸಂಜೆ ನಾನೇ ಆ ಹುಡುಗನ ಮನೆಗೆ ಹೋಗಿ ನನ್ನ ತಪ್ಪನ್ನು ಒಪ್ಪಿಕೊಂಡು ಬಂದೆ. ಮೋಸ ಮಾಡುವ ಮನಸ್ಸು ಅವರಲ್ಲಿ ಯಾರಿಗೂ ಇರಲಿಲ್ಲ. ಮೋಸವೆಲ್ಲ ಆ ಚುಕ್ಕೆಯಲ್ಲಿತ್ತು, ಅದನ್ನು ಓದಿದ ನನ್ನ ಕಣ್ಣಿನಲ್ಲಿತ್ತು.

ಅಡಿ ಮತ್ತು ಮೀಟರುಗಳ ಈ ಜೋಡಿ ಸಂಸಾರ ಎಲ್ಲಿಂದ ಬಂತೆಂದು ಆಗಿನಿಂದ ಹುಡುಕುತ್ತ ಹೋದವನಿಗೆ ವಿಲಿಯಂ ಲ್ಯಾಂಬ್ಟನ್ ಎಂಬ ಮಹನೀಯರ ಚರಿತ್ರೆ ದೊರೆಯಿತು. ಅವರು ನಮ್ಮ ಹೊಲಗಳನ್ನು ಅಳೆದವರಲ್ಲ. ಅದು ಮುಂದೆ ಕಂದಾಯದವರು ಮಾಡಿದ ಕೆಲಸ. ಲ್ಯಾಂಬ್ಟನ್ನರು ಅಳೆಯ ಹೊರಟಿದ್ದು ಭೂಮಂಡಲವನ್ನೇ. ಆದರೆ ಅದಕ್ಕಾಗಿ ಅವರು ಅಡಿಯ ಸರಪಳಿಯನ್ನು ಹಾಸಿದ ಜಾಗಗಳಲ್ಲೊಂದು ನಮ್ಮ ಮಗ್ಗುಲಿನ ಬೀದರು. ಉದಗೀರ, ನಿಲಂಗಾಗಳು 1956ರವರೆಗೆ ಬೀದರ ಜಿಲ್ಲೆಯ ತಾಲ್ಲೂಕುಗಳೇ ಆಗಿದ್ದವೆಂಬುದನ್ನು ಹಿರಿಯರು ಬಲ್ಲರು.

ಲ್ಯಾಂಬ್ಟನ್ನರು ಹುಟ್ಟಿದ್ದು ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದ ಕ್ರಾಸ್‌ಬಿ ಗ್ರೇಂಜ್ ಎಂಬಲ್ಲಿ, 1753 ಮತ್ತು 1756ರ ನಡುವೆ. ಬಡ ಒಕ್ಕಲು ಮನೆತನ. ಗಣಿತದಲ್ಲಿ ಜಾಣನಾದ ಹುಡುಗನಿಗೆ ಹತ್ತಿರದ ನಾರ್ತ್ಅಲರ್ಟನ್ ಪಟ್ಟಣದ ಶಾಲೆಯಲ್ಲಿ ಧರ್ಮಾರ್ಥವಾಗಿ ಕಲಿಯುವ ಅವಕಾಶ ಸಿಕ್ಕಿತು. 1781ರಲ್ಲಿ ಸೈನ್ಯದ ಕೆಳದರ್ಜೆಯ ಅಧಿಕಾರಿಯಾಗಿ ಅಮೆರಿಕಕ್ಕೆ ಹೋದರು. ಅಲ್ಲಿ ಯಾರ್ಕ್‌ಟೌನಿನಲ್ಲಿ ಇಂಗ್ಲಿಷರು ಸೋತಾಗ ಸೆರೆ ಸಿಕ್ಕರು. ಬಿಡುಗಡೆಯಾದ ಮೇಲೆ ಕೆನಡಾದ ನ್ಯೂ ಬ್ರನ್ಸ್‌ವಿಕ್ ಪ್ರಾಂತದಲ್ಲಿ ನೆಲೆಸಿ, ವಲಸೆ ಬಂದವರಿಗೆ ಜಮೀನು ಅಳೆದು ಕೊಡುವುದು, ಸೈನಿಕರ ವಸತಿಯ ಮೇಲ್ವಿಚಾರಣೆ ನೋಡುವುದು ಮುಂತಾದ ಕೆಲಸಗಳಲ್ಲಿ ಹದಿಮೂರು ವರ್ಷ ಕಳೆದರು. ಉಳಿದ ಹೊತ್ತೆಲ್ಲ ಗಣಿತದ ಪುಸ್ತಕಗಳು. ಸೂರ್ಯಗ್ರಹಣವನ್ನು ಬರಿಗಣ್ಣಿನಿಂದ ನೋಡಲು ಹೋಗಿ ಒಂದು ಕಣ್ಣಿನ ದೃಷ್ಟಿಯನ್ನು ಕೆಡಿಸಿಕೊಂಡರೆಂದು ಅವರ ಚರಿತ್ರೆ ಬರೆದವರು ಹೇಳುತ್ತಾರೆ. ಮಕ್ಕಳು ಇದನ್ನು ನೆನಪಿಡಬೇಕು.

ಬಡ್ತಿಯಿಲ್ಲ, ಹೆಸರಿಲ್ಲ, ವಯಸ್ಸು ನಲವತ್ತು ದಾಟಿತು. ಇನ್ನೇನು ಬಾಳು ಹೀಗೆಯೇ ಮುಗಿಯಿತೆನ್ನುವಾಗ ಅವರ ಪಲ್ಟನ್ನು ಹಿಂದೂಸ್ಥಾನಕ್ಕೆ ಬಂದಿತು. ಅದರ ಮುಖ್ಯಸ್ಥ ಆರ್ಥರ್ ವೆಲ್ಲೆಸ್ಲಿ.

1799ರ ಏಪ್ರಿಲ್ ತಿಂಗಳು, ಟೀಪೂ ಸುಲ್ತಾನನ ಮೇಲೆ ಕೊನೆಯ ಯುದ್ಧ. ಶ್ರೀರಂಗಪಟ್ಟಣದ ಹೊರವಲಯದಲ್ಲಿ ಒಂದು ರಾತ್ರಿ ಜನರಲ್ ಬೇರ್ಡ್ ಎಂಬವನ ತುಕಡಿ ಕತ್ತಲೆಯಲ್ಲಿ ಸಾಗುತ್ತಿತ್ತು. ಜೊತೆಯಲ್ಲಿದ್ದ ಲ್ಯಾಂಬ್ಟನ್ನರು ಆಕಾಶದ ನಕ್ಷತ್ರಗಳನ್ನು ನೋಡಿ, ದಿಕ್ಕು ತಪ್ಪಿದೆ, ನಾವು ಟೀಪೂವಿನ ಪಾಳೆಯದ ಕಡೆಗೇ ನಡೆಯುತ್ತಿದ್ದೇವೆ ಎಂದು ಎಚ್ಚರಿಸಿದರು. ಬೇರ್ಡ್ ನಂಬಲಿಲ್ಲ. ಕೊನೆಗೆ ದಿಕ್ಸೂಚಿ ತೆಗೆದು ನೋಡಿದಾಗ ನಕ್ಷತ್ರಗಳ ಮಾತೇ ನಿಜವೆನಿಸಿತು. ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಟೀಪೂ ವೀರಮರಣವನ್ನಪ್ಪಿದನು.

ಅದೇ 1799ರ ಜೂನಿನಲ್ಲಿ, ಸಾವಿರಾರು ಮೈಲು ದೂರದ ಪ್ಯಾರಿಸಿನಲ್ಲಿ, ಪ್ಲಾಟಿನಮ್ಮಿನ ಒಂದು ಪಟ್ಟಿಯನ್ನು ಪತ್ರಾಗಾರದಲ್ಲಿ ಇಟ್ಟರು. ಅದೇ ಮೊದಲ ಅಧಿಕೃತ ಮೀಟರು. ಉತ್ತರ ಧ್ರುವದಿಂದ ಭೂಮಧ್ಯರೇಖೆಯವರೆಗಿನ ದೂರದ ಕೋಟಿಯಲ್ಲೊಂದು ಭಾಗವೇ ಮೀಟರು ಎಂದು ಫ್ರೆಂಚರು ಗೊತ್ತು ಮಾಡಿದ್ದರು. ಅದಕ್ಕಾಗಿ ದೆಲಾಂಬ್ರ್ ಮತ್ತು ಮೆಶೆನ್ ಎಂಬ ಇಬ್ಬರು ಪಂಡಿತರು 1792ರಿಂದ 1798ರವರೆಗೆ ಡಂಕರ್ಕಿನಿಂದ ಬಾರ್ಸಿಲೋನದವರೆಗೆ ಭೂಮಿಯನ್ನು ಅಳೆದಿದ್ದರು. ರಾಜನ ಪಾದವೂ ಬೇಡ, ವ್ಯಾಪಾರಿಯ ಮೊಳವೂ ಬೇಡ, ಎಲ್ಲರಿಗೂ ಸೇರಿದ ಭೂಮಿಯೇ ಅಳತೆಗೋಲಾಗಲಿ ಎಂಬುದು ಅವರ ಆಶಯ.

ಭೂಮಿ ನಿಜವಾಗಿ ಎಷ್ಟು ದೊಡ್ಡದು, ಧ್ರುವಗಳಲ್ಲಿ ಎಷ್ಟು ಚಪ್ಪಟೆ ಎಂಬ ಪ್ರಶ್ನೆಗೆ ಯುರೋಪಿನ ಅಳತೆಯೊಂದೇ ಸಾಲದು. ಭೂಮಧ್ಯರೇಖೆಗೆ ಹತ್ತಿರದ ನಾಡಿನಲ್ಲಿಯೂ ಅಳೆಯಬೇಕು. ಲ್ಯಾಂಬ್ಟನ್ನರ ತಲೆಯಲ್ಲಿದ್ದದ್ದು ಇದೇ ಪ್ರಶ್ನೆ. ಗೆದ್ದ ನಾಡಿನ ನಕ್ಷೆ ಸರಕಾರಕ್ಕೆ ಬೇಕಾಗಿತ್ತು. ಅದನ್ನೇ ನೆಪ ಮಾಡಿಕೊಂಡು ಅವರು ಸಮುದ್ರದಿಂದ ಸಮುದ್ರದವರೆಗೆ ಅಳತೆಯ ಯೋಜನೆಯೊಂದನ್ನು ಮುಂದಿಟ್ಟರು. ವೆಲ್ಲೆಸ್ಲಿಯ ಬೆಂಬಲದಿಂದ ಒಪ್ಪಿಗೆ ದೊರೆಯಿತು. 1800ರಲ್ಲಿ ಬೆಂಗಳೂರಿನ ಬಳಿ ಮೊದಲ ರೇಖೆಯನ್ನು ಅಳೆದರು.

ಅವರ ಉಪಕರಣಗಳದೇ ಒಂದು ಕಥೆ. ನೂರು ಅಡಿ ಉದ್ದದ ಉಕ್ಕಿನ ಸರಪಳಿ, ಅದರಲ್ಲಿ ಎರಡೂವರೆ ಅಡಿಯ ನಲವತ್ತು ಕೊಂಡಿಗಳು. ಇದನ್ನು ಲಂಡನ್ನಿನ ರಾಮ್ಸ್‌ಡೆನ್ ಎಂಬ ಕುಶಲಿ ಮಾಡಿದ್ದನು. ಇಂಗ್ಲೆಂಡಿನ ರಾಯಭಾರಿ ಅದನ್ನು ಚೀನಾದ ಚಕ್ರವರ್ತಿಗೆ ಕಾಣಿಕೆಯಾಗಿ ಒಯ್ದಾಗ ಚಕ್ರವರ್ತಿಗೆ ಅದು ಬೇಕಾಗಲಿಲ್ಲ. ಹಾಗೆ ತಿರುಗಿ ಬಂದ ಸರಪಳಿ ಕಲಕತ್ತೆಯಲ್ಲಿ ಲ್ಯಾಂಬ್ಟನ್ನರ ಪಾಲಿಗೆ ಬಂದಿತು. ಇನ್ನು ಕೋನಗಳನ್ನು ಅಳೆಯುವ ದೊಡ್ಡ ಥಿಯೊಡೊಲೈಟು. ತೂಕ ಅರ್ಧ ಟನ್ನು. ಅದನ್ನು ತರುತ್ತಿದ್ದ ಹಡಗನ್ನು ಫ್ರೆಂಚರು ಹಿಡಿದು ಮಾರಿಷಸ್ಸಿಗೆ ಒಯ್ದರು. ಪೆಟ್ಟಿಗೆಯಲ್ಲಿರುವುದು ವಿಜ್ಞಾನದ ಉಪಕರಣವೆಂದು ತಿಳಿದ ಮೇಲೆ, ವೈರವಿದ್ದರೂ, ಅಲ್ಲಿನ ಅಧಿಕಾರಿಗಳು ಅದನ್ನು ಗೌರವದಿಂದ ಮದ್ರಾಸಿಗೆ ಕಳಿಸಿಕೊಟ್ಟರು. ಮೀಟರಿನವರು ಅಡಿಯವರಿಗೆ ಮಾಡಿದ ಈ ಉಪಕಾರ ನನಗೆ ಬಹಳ ಹಿಡಿಸಿತು.

1802ರ ಏಪ್ರಿಲ್ 10ರಂದು ಮದ್ರಾಸಿನ ಸೇಂಟ್ ಥಾಮಸ್ ಮೌಂಟಿನ ಹತ್ತಿರ ಕೆಲಸ ಮೊದಲಾಯಿತು. ಅಳೆಯಬೇಕಾದದ್ದು ಏಳೂವರೆ ಮೈಲಿನ ಒಂದು ನೇರ ರೇಖೆ. ಇಂದು ನಮ್ಮಲ್ಲಿ ಪ್ಲಾಟು ಅಳೆಯುವವರು ಟೇಪು ಎಳೆದು ಅರ್ಧ ಗಂಟೆಯಲ್ಲಿ ಕೈ ತೊಳೆದುಕೊಳ್ಳುತ್ತಾರೆ. ಲ್ಯಾಂಬ್ಟನ್ನರಿಗೆ ಆ ಏಳೂವರೆ ಮೈಲಿಗೆ 57 ದಿನ ಹಿಡಿಯಿತು. ಸರಪಳಿಯನ್ನು ನೆಲದ ಮೇಲೆ ಹಾಸುವಂತಿಲ್ಲ. ಮೂರು ಕಾಲಿನ ಆಸರೆಗಳ ಮೇಲೆ ಇಪ್ಪತ್ತು ಅಡಿಯ ಐದು ಮರದ ತೊಟ್ಟಿಗಳನ್ನು ಮಟ್ಟ ಮಾಡಿ ನಿಲ್ಲಿಸಿ, ಅದರೊಳಗೆ ಸರಪಳಿಯನ್ನು ಬಿಗಿದು ಇಡಬೇಕು. ಬಿಸಿಲು ತಾಗದಂತೆ ಮೇಲೆ ಡೇರೆ. ಪಕ್ಕದಲ್ಲಿ ಉಷ್ಣಮಾಪಕಗಳು. ಏಕೆಂದರೆ ಬಿಸಿಯಾದರೆ ಉಕ್ಕು ಹಿಗ್ಗುತ್ತದೆ. ಒಂದು ಡಿಗ್ರಿ ಫ್ಯಾರನ್‌ಹೀಟಿಗೆ ನೂರಡಿಯ ಸರಪಳಿ ಹಿಗ್ಗುವುದು ಇಂಚಿನ ನೂರರಲ್ಲೊಂದು ಪಾಲಿಗಿಂತಲೂ ಕಡಿಮೆ. ಅಷ್ಟೇ ತಾನೇ ಎನ್ನಬೇಡಿರಿ. ಸರಪಳಿಯನ್ನು 400 ಸಲ ಇಡುವಾಗ ಹತ್ತು ಡಿಗ್ರಿಯ ಏರುಪೇರನ್ನು ಮರೆತರೆ ಎರಡೂವರೆ ಅಡಿ ತಪ್ಪು! ಆದ್ದರಿಂದ ಲ್ಯಾಂಬ್ಟನ್ನರು ಎಷ್ಟು ಅಡಿ ಎಂಬುದರ ಜೊತೆಗೆ ಎಷ್ಟು ಬಿಸಿಯಲ್ಲಿ ಅಳೆದದ್ದು ಎಂಬುದನ್ನೂ ಬರೆದರು. ಇನ್ನೊಂದು ಸರಪಳಿಯನ್ನು ಬಳಸದೆ ಬೇರೆಯಾಗಿ ಇಟ್ಟುಕೊಂಡು, ಕೆಲಸದ ಸರಪಳಿಯನ್ನು ಅದರೊಂದಿಗೆ ತಾಳೆ ನೋಡಿದರು. ಲೆಕ್ಕ ಮುಗಿದಾಗ ರೇಖೆಯ ಉದ್ದ 40,006 ಅಡಿಯ ಮೇಲೆ ಸ್ವಲ್ಪ ಬಂದಿತು.

ಒಂದು ರೇಖೆ ಸರಿಯಾಗಿ ಸಿಕ್ಕಿದರೆ, ಅದರ ಎರಡು ತುದಿಗಳಿಂದ ದೂರದ ಗುಡ್ಡವನ್ನು ನೋಡಿ ಕೋನ ಅಳೆದು, ತ್ರಿಕೋನದ ಉಳಿದ ಬಾಹುಗಳನ್ನು ಲೆಕ್ಕದಿಂದಲೇ ತಿಳಿಯಬಹುದು. ನೀವು ಹತ್ತನೆಯ ಇಯತ್ತೆಯಲ್ಲಿ ಕಲಿಯುವ ತ್ರಿಕೋನಮಿತಿಯ ಬಳಕೆ ಇಲ್ಲಿಯೇ. ತ್ರಿಕೋನದ ಪಕ್ಕ ತ್ರಿಕೋನ ಕಟ್ಟುತ್ತ ಅವರು ಮದ್ರಾಸಿನಿಂದ ಮೈಸೂರು ಸೀಮೆಯನ್ನು ಹಾದು ಮಂಗಳೂರಿನ ಕಡೆಯ ಸಮುದ್ರವನ್ನು ಮುಟ್ಟಿದರು. ಹಳೆಯ ನಕ್ಷೆಗಳಲ್ಲಿ 400 ಮೈಲು ಇದ್ದ ಅಗಲ 360 ಮೈಲು ಎಂದು ತಿಳಿಯಿತು. ನಲವತ್ತು ಮೈಲು ನಾಡು ಕಾಗದದ ಮೇಲೆಯೇ ಇತ್ತು! ಆದರೂ ಮದ್ರಾಸಿನ ಲೆಕ್ಕಪತ್ರದ ದೊರೆಗಳಲ್ಲೊಬ್ಬರು, ಶ್ರೀರಂಗಪಟ್ಟಣಕ್ಕೆ ಹೋಗಬೇಕಾದವರಿಗೆ ಪಾಲಕಿ ಹೊರುವವರೇ ದಾರಿ ಬಲ್ಲರು, ಈ ಖರ್ಚೇಕೆ ಎಂದು ಗೊಣಗಿದರಂತೆ.

ಮುಂದೆ ಕನ್ಯಾಕುಮಾರಿಯ ಕಡೆಯಿಂದ ಉತ್ತರಕ್ಕೆ ಉದ್ದನೆಯ ಸಾಲು. 1808ರಲ್ಲಿ ತಂಜಾವೂರಿನ ದೊಡ್ಡ ದೇವಾಲಯದ ಗೋಪುರಕ್ಕೆ ಥಿಯೊಡೊಲೈಟನ್ನು ಹಗ್ಗದಿಂದ ಎಳೆಯುವಾಗ ಹಗ್ಗ ಕಿತ್ತು, ಯಂತ್ರ ಗೋಡೆಗೆ ಬಡಿದು, ಅದರ ಚಕ್ರವೇ ಸೊಟ್ಟಗಾಯಿತು. ಬೇರೊಂದನ್ನು ತರಿಸಬೇಕಾದರೆ ವರ್ಷಗಳೇ ಬೇಕು. ಲ್ಯಾಂಬ್ಟನ್ನರು ಯಾರ ಮೇಲೂ ರೇಗಲಿಲ್ಲ ಎನ್ನುತ್ತಾರೆ. ಡೇರೆಯೊಳಗೆ ಬಾಗಿಲು ಹಾಕಿಕೊಂಡು ಆರು ವಾರ ಕುಳಿತು ತಿದ್ದಿ ತಿದ್ದಿ, ಆ ಚಕ್ರವನ್ನು ಮತ್ತೆ ದುಂಡಗೆ ಮಾಡಿದರು.

ಸರಪಳಿ ಹಿಡಿದವರು, ಯಂತ್ರ ಹೊತ್ತವರು, ಗುಡ್ಡದ ಮೇಲೆ ಬಾವುಟ ಹಿಡಿದು ನಿಂತವರು ನಮ್ಮ ನಾಡಿನವರೇ. ಜ್ವರಕ್ಕೆ ಸಿಕ್ಕಿ ಸತ್ತವರೂ ಇದ್ದರು. ಅವರ ಹೆಸರುಗಳು ನನಗೆ ಓದಲು ಸಿಕ್ಕ ಪುಸ್ತಕಗಳಲ್ಲಿಲ್ಲ.

1811ರಲ್ಲಿ ಗುತ್ತಿಯ ಬಳಿ ಒಂದು ರೇಖೆ. 1815ರಲ್ಲಿ ಬೀದರಿನ ಬಳಿ ಇನ್ನೊಂದು. ಆಗ ಇದು ನಿಜಾಮರ ಸೀಮೆ. ಬೀದರಿನ ಈಶಾನ್ಯಕ್ಕಿರುವ ದಾಮರಗಿಡ್ಡ ಎಂಬಲ್ಲಿ ನಕ್ಷತ್ರಗಳನ್ನು ನೋಡಿ ಅಕ್ಷಾಂಶವನ್ನು ಗೊತ್ತುಪಡಿಸಿದರು: 18 ಡಿಗ್ರಿ 3 ಮಿನಿಟು. ನಮ್ಮ ನಿಲಂಗಾ ಹೆಚ್ಚು ಕಡಿಮೆ ಅದೇ ಅಕ್ಷಾಂಶದಲ್ಲಿದೆ. ಕನ್ಯಾಕುಮಾರಿಯ ಬಳಿಯಿಂದ ದಾಮರಗಿಡ್ಡದವರೆಗೆ ಸುಮಾರು ಹತ್ತು ಡಿಗ್ರಿ, ಏಳುನೂರು ಮೈಲಿನ ಹತ್ತಿರ. ಅಷ್ಟು ಉದ್ದದ ರೇಖೆ ಈಗ ಅಡಿಯ ಲೆಕ್ಕದಲ್ಲಿ ಸಿದ್ಧವಾಗಿತ್ತು.

ಫ್ರಾನ್ಸಿನ ರೇಖೆಯಿದ್ದದ್ದು ಅಲ್ಲಿನ ಮಾನದಲ್ಲಿ. ಎರಡನ್ನೂ ಹೋಲಿಸಿದರೆ ತಾನೇ ಭೂಮಿಯ ಆಕಾರ ತಿಳಿಯುವುದು? ಹೋಲಿಸಬೇಕಾದರೆ ಒಂದು ಅಡಿಗೆ ಎಷ್ಟು ಮೀಟರು ಎಂಬುದು ಕೂದಲೆಳೆಯಷ್ಟೂ ತಪ್ಪದೆ ಗೊತ್ತಿರಬೇಕು. ಇಂಗ್ಲಿಷರ ಅಳತೆಗೋಲು ಸರಿಯಾಗುವುದು 62 ಡಿಗ್ರಿ ಫ್ಯಾರನ್‌ಹೀಟಿನಲ್ಲಿ, ಫ್ರೆಂಚರ ಪಟ್ಟಿ ಸರಿಯಾಗುವುದು ನೀರು ಹೆಪ್ಪುಗಟ್ಟುವ ಶೈತ್ಯದಲ್ಲಿ. ಲ್ಯಾಂಬ್ಟನ್ನರು ಬಿಸಿಯನ್ನು ಬರೆದಿಟ್ಟದ್ದರ ಬೆಲೆ ಇಲ್ಲಿ ಕಂಡಿತು. 1817ರಲ್ಲಿ ಫ್ರಾನ್ಸಿನ ವಿಜ್ಞಾನ ಅಕಾಡೆಮಿ ಅವರನ್ನು ತನ್ನ ಬಾತ್ಮೀದಾರ ಸದಸ್ಯರನ್ನಾಗಿ ಮಾಡಿಕೊಂಡಿತು. ಅದೇ ವರ್ಷ ಲಂಡನ್ನಿನ ರಾಯಲ್ ಸೊಸೈಟಿಯೂ ಸದಸ್ಯತ್ವ ಕೊಟ್ಟಿತು. ಅವರ ಶಿಷ್ಯರಾದ ಜಾರ್ಜ್ ಎವರೆಸ್ಟರು 1830ರಲ್ಲಿ ಭಾರತದ ರೇಖೆಯನ್ನೂ ಫ್ರಾನ್ಸಿನ ರೇಖೆಯನ್ನೂ ಪಕ್ಕಪಕ್ಕದಲ್ಲಿಟ್ಟು ಭೂಮಿಯ ಗಾತ್ರವನ್ನು ಲೆಕ್ಕ ಹಾಕಿದರು. ಪರ್ವತಕ್ಕೆ ಹೆಸರಾದ ಎವರೆಸ್ಟರು ಇವರೇ.

ಇಂದು ಒಂದು ಅಡಿ ಎಂದರೆ ಸರಿಯಾಗಿ 0.3048 ಮೀಟರು. ಆದರೆ ಭಾರತದ ಹಳೆಯ ಸರ್ವೆಯ ಅಡಿ ಇದಕ್ಕಿಂತ ಒಂದು ಮೀಟರಿನ ಹತ್ತು ಲಕ್ಷದಲ್ಲಿ ಅರ್ಧ ಪಾಲಿನಷ್ಟು ಚಿಕ್ಕದು. ಒಂದು ಅಡಿಯಲ್ಲಿ ಅದು ಕಣ್ಣಿಗೇ ಕಾಣದು. ಏಳುನೂರು ಮೈಲಿನಲ್ಲಿ ಒಂದೂವರೆ ಮೀಟರು ದಾಟುತ್ತದೆ.

ನಮ್ಮ ದೇಶದಲ್ಲಿ ದಶಮಾಂಶದ ನಾಣ್ಯ 1957ರ ಏಪ್ರಿಲ್ 1ರಂದು ಬಂದಿತು; ಕಿಲೋ, ಮೀಟರುಗಳು 1958ರಿಂದ ಹಂತ ಹಂತವಾಗಿ ಬಂದವು. ಸೇರು, ಪಾವುಗಳು ಅಂಗಡಿಯಿಂದ ಹೋದವು. ಅಡಿ ಮಾತ್ರ ಹೋಗಲಿಲ್ಲ. ಅರಿವೆ ಅಂಗಡಿಯಲ್ಲಿ ಬಟ್ಟೆಯನ್ನು ಮೀಟರಿನಲ್ಲಿ ಕೊಳ್ಳುತ್ತೇವೆ, ಅದನ್ನೇ ದರ್ಜಿ ಇಂಚಿನಲ್ಲಿ ಅಳೆಯುತ್ತಾನೆ. ಪ್ಲೈವುಡ್ಡಿನ ಹಲಗೆ ಎಂಟು ಅಡಿ ನಾಲ್ಕು ಅಡಿ, ದಪ್ಪ ಮಾತ್ರ ಮಿಲಿಮೀಟರು. ಆರೋಗ್ಯ ತಪಾಸಣೆಯ ದಿನ ನಿಮ್ಮ ಎತ್ತರ ಸೆಂಟಿಮೀಟರಿನಲ್ಲಿ, ಮನೆಯಲ್ಲಿ ಅಜ್ಜಿ ಕೇಳುವುದು ಎಷ್ಟು ಫೂಟು ಎಂದು. ಐದು ಅಡಿ ಆರು ಇಂಚನ್ನು ಐದು ಪಾಯಿಂಟು ಆರು ಎಂದು ಬರೆಯುವವರು ನಮ್ಮ ಶಾಲೆಯಲ್ಲಿ ಕಡಿಮೆಯಿಲ್ಲ. ಅದು ಐದೂವರೆ, 5.5. ಗುಂಟೆಯೂ ಮೂಲದಲ್ಲಿ ಅಡಿಯ ಮಗುವೇ: ಮೂವತ್ತಮೂರು ಅಡಿ ಉದ್ದ, ಅಷ್ಟೇ ಅಗಲ, 1,089 ಚದರ ಅಡಿ. ಆರ್ ಎಂದರೆ ಹತ್ತು ಮೀಟರು ಉದ್ದ, ಹತ್ತು ಮೀಟರು ಅಗಲ, ಸುಮಾರು 1,076 ಚದರ ಅಡಿ. ಗುಂಟೆಯೂ ಆರೂ ಹೆಚ್ಚು ಕಡಿಮೆ ಒಂದೇ ಎಂದು ನಮ್ಮ ರೈತರು ಹೇಳುವುದು ಆದ್ದರಿಂದ ತಪ್ಪಲ್ಲ. ತೊಡಕು ಬರುವುದು ಚುಕ್ಕೆಯ ಎಡಗಡೆ: ಅಲ್ಲಿ ನೂರು ಆರಿಗೆ ಒಂದು ಹೆಕ್ಟೇರು, ಇಲ್ಲಿ ನಲವತ್ತು ಗುಂಟೆಗೆ ಒಂದು ಎಕರೆ.

ಲ್ಯಾಂಬ್ಟನ್ನರು ಮುಪ್ಪಿನಲ್ಲಿಯೂ ಡೇರೆಯನ್ನು ಬಿಡಲಿಲ್ಲ. 1818ರಲ್ಲಿ ಎವರೆಸ್ಟರು ಹೈದರಾಬಾದಿಗೆ ಬಂದು ಸೇರಿಕೊಂಡಾಗ ಲ್ಯಾಂಬ್ಟನ್ನರಿಗೆ ಅರವತ್ತು ದಾಟಿತ್ತು. ಕೆಮ್ಮು ಕಾಡುತ್ತಿತ್ತು. ಆದರೂ ಕೆಲಸ ಉತ್ತರಕ್ಕೆ ಸರಿದಂತೆ ತಾವೂ ಸರಿಯಬೇಕೆಂದು, ಬಿಡಾರವನ್ನು ನಾಗಪುರಕ್ಕೆ ಒಯ್ಯಲು ಹೊರಟರು. ನಾಗಪುರವನ್ನು ಮುಟ್ಟಲಿಲ್ಲ. ಈಗಿನ ವರ್ಧಾ ಜಿಲ್ಲೆಯ ಹಿಂಗಣಘಾಟಿನಲ್ಲಿ 1823ರ ಜನವರಿ 20ರಂದು ದಾರಿಯಲ್ಲಿಯೇ ತೀರಿಕೊಂಡರು. ಅವರನ್ನು ಅಲ್ಲಿಯೇ ಮಣ್ಣು ಮಾಡಿದರು. ಬೀದರಿನ ರೇಖೆಯನ್ನು 1841ರಲ್ಲಿ, ಎವರೆಸ್ಟರ ಕಾಲದಲ್ಲಿ, ಸರಪಳಿಯನ್ನು ಬಿಟ್ಟು, ಬಿಸಿಲಿಗೆ ಹಿಗ್ಗದಂತೆ ಎರಡು ಲೋಹಗಳನ್ನು ಕೂಡಿಸಿ ಮಾಡಿದ ಹತ್ತು ಅಡಿಯ ಪಟ್ಟಿಗಳಿಂದ ಮತ್ತೊಮ್ಮೆ ಅಳೆದರು.