ಕಲ್ಲಿನಲ್ಲಿ ಉಳಿದ ಅಶೋಕ

ವಿದ್ಯಾರ್ಥಿಗಳೇ, ಈಜಿಪ್ಟಿನ ಅರಸರು ತಮ್ಮ ಮೂರ್ತಿಯನ್ನು ಕಲ್ಲಿನಲ್ಲಿ ಕಡೆಸಿ ಹೆಸರನ್ನೂ ಕೆತ್ತಿಸುತ್ತಿದ್ದರು. ಆದ್ದರಿಂದ ಮೂರ್ತಿ ಒಡೆದು ತುಂಡಾದರೂ ಎಷ್ಟೋ ಸಲ ಅದು ಯಾರದೆಂದು ತಿಳಿಯುತ್ತದೆ. ನಮ್ಮ ಅಶೋಕ ಚಕ್ರವರ್ತಿಯ ರೀತಿ ಬೇರೆ. ಅವನ ಕಾಲದಲ್ಲೇ ಕಡೆದ ಅವನ ಮೂರ್ತಿ ನಮಗೆ ದೊರೆತಿಲ್ಲ. ಬಂಡೆಗಳ ಮೇಲೆ ಮಾತು ಬರೆಸಿದನು, ಅಲ್ಲಿಯೂ ಹೆಸರಿನ ಬದಲು ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳೇ ಹೆಚ್ಚು.

ಅವನು ಚಂದ್ರಗುಪ್ತ ಮೌರ್ಯನ ಮೊಮ್ಮಗ, ಬಿಂದುಸಾರನ ಮಗ. ಸುಮಾರು ಕ್ರಿ. ಪೂ. 268ರಲ್ಲಿ ಪಾಟಲಿಪುತ್ರದಲ್ಲಿ ಪಟ್ಟವೇರಿದನು. ಎಂಟು ವರ್ಷಗಳ ಮೇಲೆ ಕಳಿಂಗಕ್ಕೆ ದಂಡೆತ್ತಿ ಹೋದನು. ಒಂದು ಲಕ್ಷ ಜನ ಹತರಾದರು. ಒಂದೂವರೆ ಲಕ್ಷ ಜನ ಸೆರೆಯಾಗಿ ನಾಡು ಬಿಟ್ಟರು. ಈ ಲೆಕ್ಕ ಕೊಟ್ಟವರು ಶತ್ರುಗಳಲ್ಲ, ಗೆದ್ದ ಅಶೋಕನೇ. ತನ್ನ ಪಶ್ಚಾತ್ತಾಪವನ್ನು ಅವನು ಕಲ್ಲಿನಲ್ಲಿ ಬರೆಸಿದನು. ತನ್ನ ಧರ್ಮಸಂದೇಶ ಮುಟ್ಟಿದ ದೇಶಗಳನ್ನು ಹೇಳುವಾಗ ಈಜಿಪ್ಟಿನ ಅರಸ ಟಾಲೆಮಿಯ ಹೆಸರನ್ನೂ ಅದೇ ಶಾಸನದಲ್ಲಿ ಸೇರಿಸಿದನು.

ಆದರೆ ಸೋತ ಕಳಿಂಗದ ಬಂಡೆಗಳಲ್ಲಿ ಈ ಪಶ್ಚಾತ್ತಾಪದ ಮಾತಿಲ್ಲ! ಅದರ ಬದಲು ಅಧಿಕಾರಿಗಳಿಗೆ ಆಜ್ಞೆಯಿದೆ: ಪ್ರಜೆಗಳು ಮಕ್ಕಳಿದ್ದಂತೆ, ಯಾರನ್ನೂ ಕಾರಣವಿಲ್ಲದೆ ಸೆರೆಗೆ ಹಾಕಬಾರದು. ಇದೇ ಆಜ್ಞೆ ಭೀಮಾ ತೀರದ ಸನ್ನತಿಗೂ ಬಂದಿತ್ತು. ಸನ್ನತಿಯೆಂದರೆ ನಮ್ಮ ಮೊಗುಡಂಪಲ್ಲಿಗೆ ಬಹಳ ದೂರವಲ್ಲದ ಕಲಬುರಗಿ ಜಿಲ್ಲೆಯ ಚಂದ್ರಲಾಂಬಾ ಕ್ಷೇತ್ರ. 1986ರಲ್ಲಿ ಅಲ್ಲಿನ ಕಾಳಿಯ ಗುಡಿಯ ಮಾಳಿಗೆ ಕುಸಿದಾಗ, ದೇವಿಯ ಪೀಠವಾಗಿದ್ದ ಕಲ್ಲೇ ಅಶೋಕನ ಶಾಸನವೆಂದು ಗೊತ್ತಾಯಿತು. ವಿಗ್ರಹ ಕೂಡಿಸಲು ಯಾವ ಕಾಲದಲ್ಲೋ ಅದರ ನಡುವೆ ಗುಳಿ ತೋಡಿದ್ದರು. ಅಲ್ಲಿದ್ದ ಅಕ್ಷರಗಳು ಹೋದವು. ತೋಡಿದವರನ್ನು ನಾವು ಬೈಯಲಾರೆವು. ಬ್ರಾಹ್ಮಿ ಲಿಪಿ ಓದಬಲ್ಲವರು ಊರಿನಲ್ಲಿ ಯಾರಿದ್ದರು?

ಬಿರುದಿನ ಜೊತೆಗೆ ಅಶೋಕ ಎಂಬ ಹೆಸರೂ ಕಂಡುಬಂದದ್ದು ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ, 1915ರಲ್ಲಿ. ಮುಖ ಕಾಣಲು ಇನ್ನೂ ಕಾಯಬೇಕಾಯಿತು. ಸನ್ನತಿಯ ನೆರೆಯ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಕೇಂದ್ರ ಪುರಾತತ್ತ್ವ ಇಲಾಖೆಯವರು ಅಗೆದಾಗ ಒಂದು ದೊಡ್ಡ ಬೌದ್ಧ ಸ್ತೂಪದ ಒಡೆದ ಶಿಲೆಗಳು ಹೊರಬಂದವು. ತಾಂಡೂರಿನ ಹಾಸುಗಲ್ಲಿನಂತೆ ಅವೂ ಸುಣ್ಣಕಲ್ಲೇ. ಬಿರುಕು ಬಿಟ್ಟ ಒಂದು ಫಲಕದಲ್ಲಿ ಅರಸ ನಿಂತಿದ್ದಾನೆ, ಬಳಿಯಲ್ಲಿ ರಾಣಿ, ಸುತ್ತ ಪರಿಚಾರಿಕೆಯರು. ಮೇಲೆ ಬ್ರಾಹ್ಮಿ ಲಿಪಿಯಲ್ಲಿ ರಾಯ ಅಶೋಕ ಎಂದು ಬರೆದಿದೆ.

ಇದನ್ನು ಕಡೆದದ್ದು ಅಶೋಕ ಗತಿಸಿ ಇನ್ನೂರು ವರ್ಷಗಳಾದರೂ ಕಳೆದ ಮೇಲೆ. ಶಿಲ್ಪಿ ಅವನನ್ನು ಕಂಡವನಲ್ಲ, ಹೆಸರು ಕೇಳಿದ್ದವನು. ಪಕ್ಕದ ರಾಣಿಯ ಹೆಸರನ್ನು ಮಾತ್ರ ಬರೆಯಲಿಲ್ಲ.